ಬೇಸ್ ಗಿಟಾರು ಮತ್ತು ಅದರ ಧ್ವನಿವರ್ಧಕ: ಕೊಳ್ಳುವವರಿಗೆ ಕೆಲವು ಸೂಚನೆಗಳು

ಸಂಗೀತ ಕಛೇರಿಯಲ್ಲಿ ಕುಳಿತ ಶ್ರೋತೃಗಳ ಗಮನವು ಗಾಯಕರ ಕಡೆಗೂ ಪಿಟೀಲಿನ ಕಡೆಗೂ ಹರಿಯುವಂತೆ ತಂಬೂರಿಯ ಕಡೆಗೆ ಹರಿಯುವುದಿಲ್ಲ. ಅದು ನುಡಿಯುತ್ತಿರುವಷ್ಟು ಹೊತ್ತು ಅಲ್ಲಿದೆಯೆಂಬುದೇ ಮರೆತುಹೋಗಿರುತ್ತದೆ. ನಿಂತ ಕ್ಷಣದಲ್ಲಿ ಮಾತ್ರ ಸಭೆಯೆಲ್ಲ ಬರಿದಾದಂತೆ ತೋರುತ್ತದೆ. ಪಾಶ್ಚಾತ್ಯ ಪದ್ಧತಿಯ ವಾದ್ಯಗೋಷ್ಠಿಯಲ್ಲಿ, ಎಂದರೆ ಈಗಿನ ತರುಣರು ಬ್ಯಾಂಡೆಂದು ಕರೆಯುವ ಮೇಳದಲ್ಲಿ, ಹೆಚ್ಚು ಕಡಮೆ ಇಂಥದೇ ಸ್ಥಾನವನ್ನು ಹೊಂದಿರುವ ವಾದ್ಯವು ಬೇಸ್ ಗಿಟಾರು. ಅದನ್ನು ಕೇಳಿಯೂ ಕೇಳದಂತೆ ಇರುವವರೇ ಬಹುಮಂದಿ. ಆದರೆ ಮನೆಯ ಮಗನೋ ಮಗಳೋ ಕಾಲೇಜಿನ ಮೇಳವೊಂದನ್ನು ಸೇರಿ, “ನನಗೆ ಬೇಸ್ ಗಿಟಾರು ಬೇಕು, ಅದಕ್ಕೆ ತಕ್ಕ ಆಂಪ್ಲಿಫೈಯರೂ ಬೇಕು” ಎಂದು ಕೇಳಿದಾಗ ಹಿರಿಯರಿಗೆ ದಿಕ್ಕು ತೋಚದು. ಬೆಲೆಯು ಅಲ್ಪವಲ್ಲ, ಅಂಗಡಿಯವರ ಮಾತು ಅರ್ಥವಾಗದು, ಬೇಡವೆಂದರೆ ಮಕ್ಕಳ ಮುಖ ಬಾಡುವುದು. ಇಂಥ ಸಮಯದಲ್ಲಿ ಗೃಹಸ್ಥರಿಗೆ ಉಪಯೋಗವಾಗಲೆಂದು ಈ ವಿಷಯವನ್ನು ಆದಷ್ಟು ಸುಲಭವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ವಾದ್ಯದ ಹುಟ್ಟು

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ತಂತಿಯುಳ್ಳದ್ದಾದುದರಿಂದ ಬೇಸ್ ಗಿಟಾರು ತತವರ್ಗಕ್ಕೆ ಸೇರತಕ್ಕದ್ದು. ಆದರೆ ವೀಣೆಯಲ್ಲಿ ನಾದಕ್ಕೆ ಆಶ್ರಯವಾದ ಟೊಳ್ಳು ಕೊಡವು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಡಲು ಗಟ್ಟಿಯಾದ ಮರದ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಒಂದು ಅಂಗವನ್ನು ಹುದುಗಿಸಿರುವರು; ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿಯು ಅದರ ಮೇಲೆ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. ಇದು ೧೮೩೧ರಲ್ಲಿ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ. ಆ ಕ್ಷೀಣವಾದ ವಿದ್ಯುತ್ತನ್ನು ಬಲಪಡಿಸಿ ಸ್ಪೀಕರನ್ನು ನುಡಿಸುವ ಯಂತ್ರವೇ ಆಂಪ್ಲಿಫೈಯರು. ಆದುದರಿಂದ ಇಲ್ಲಿ ವಾದ್ಯವು ಅರ್ಧ, ಯಂತ್ರವು ಅರ್ಧ. ಎರಡೂ ಕೂಡಿಯೇ ಒಂದು ವಾದ್ಯವೆಂದು ತಿಳಿಯುವುದು ಯುಕ್ತ.

ಪೂರ್ವದಲ್ಲಿ ಈ ಮಂದ್ರಸ್ವರದ ಕೆಲಸವನ್ನು ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲು ಮಾಡುತ್ತಿತ್ತು. ಅದನ್ನು ಊರೂರಿಗೆ ಹೊತ್ತೊಯ್ಯುವುದು ಪ್ರಯಾಸ. ಕಹಳೆಗಳೂ ಡ್ರಮ್ಮುಗಳೂ ಮೊಳಗುವ ಮೇಳದಲ್ಲಿ ಅದರ ಧ್ವನಿ ಅಡಗಿಹೋಗುತ್ತಿತ್ತು. ಮೆಟ್ಟುಗಳಿಲ್ಲದುದರಿಂದ ಸ್ವರಸ್ಥಾನವು ಕೈಗೆ ಸಿಕ್ಕಲು ಬಹುಕಾಲದ ಅಭ್ಯಾಸ ಬೇಕಾಗಿತ್ತು. ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು ೧೯೩೦ರ ದಶಕದಲ್ಲಿಯೇ ಮೆಟ್ಟುಗಳುಳ್ಳ ವಿದ್ಯುತ್ ಬೇಸನ್ನು ಮಾಡಿದ್ದರೂ ಅದು ಪ್ರಚಾರಕ್ಕೆ ಬರಲಿಲ್ಲ. ಪ್ರಚಾರಕ್ಕೆ ತಂದವರು ಕ್ಯಾಲಿಫೋರ್ನಿಯದ ಫುಲರ್ಟನ್ನಿನ ಲಿಯೋ ಫೆಂಡರ್. ಇವರು ರೇಡಿಯೊ ರಿಪೇರಿಯ ಅಂಗಡಿಯನ್ನಿಟ್ಟಿದ್ದವರು. ಸ್ವತಃ ಗಿಟಾರು ನುಡಿಸಬಲ್ಲವರಲ್ಲ. ೧೯೫೧ರಲ್ಲಿ ಇವರು ಮಾರಾಟಕ್ಕೆ ತಂದ ವಾದ್ಯಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟರು. ಮೆಟ್ಟಿನ ಮೇಲೆ ಬೆರಳಿಟ್ಟರೆ ಸ್ವರವು ನಿಷ್ಕೃಷ್ಟವಾಗಿ ಬರುವುದೆಂಬುದೇ ಆ ಹೆಸರಿನ ತಾತ್ಪರ್ಯ. ಮರುವರ್ಷ ಅದಕ್ಕೊಪ್ಪುವ ಬೇಸ್‌ಮನ್ ಎಂಬ ಆಂಪ್ಲಿಫೈಯರನ್ನೂ, ೧೯೬೦ರಲ್ಲಿ ದಂಡಿಯು ಇನ್ನೂ ಸಪೂರವಾಗಿರುವ ಜಾಝ್ ಬೇಸನ್ನೂ ಹೊರತಂದರು. ಈಗ ಅಂಗಡಿಗಳಲ್ಲಿ ಕಾಣುವ ಬಹುಪಾಲು ವಾದ್ಯಗಳು, ಯಾರ ಹೆಸರನ್ನು ಹೊತ್ತಿದ್ದರೂ, ಈ ಎರಡರಲ್ಲೊಂದರ ಸಂತಾನವೆಂದು ಹೇಳಬಹುದು.

ಮೇಳದಲ್ಲಿ ಇದರ ಧರ್ಮ

ನಾಲ್ಕು ತಂತಿಗಳನ್ನು ಕೆಳಗಿನ ಸ್ಥಾಯಿಯಿಂದ ಇ, ಎ, ಡಿ, ಜಿ ಎಂಬ ಸ್ವರಗಳಿಗೆ ಶ್ರುತಿಮಾಡುವರು. ಒಂದೊಂದು ತಂತಿಯೂ ಹಿಂದಿನದಕ್ಕೆ ಮಧ್ಯಮವಾಗಿರುವುದು. ಎಲ್ಲಕ್ಕಿಂತ ದಪ್ಪನಾದ ಇ ತಂತಿಯು ಸೆಕೆಂಡಿಗೆ ಸುಮಾರು ೪೧ ಸಲ ಮಾತ್ರ ಕಂಪಿಸುವುದು. ತಂಬೂರಿಯಂತೆ ಇದು ಒಂದೇ ಷಡ್ಜವನ್ನು ಹಿಡಿದಿರುವುದಲ್ಲ. ಮೇಲಿನ ವಾದ್ಯಗಳ ಸ್ವರಸಂಘಾತವು ಬದಲಾದ ಹಾಗೆಲ್ಲ ಅದರ ಆಧಾರಸ್ವರವನ್ನು ತೋರಿಸುತ್ತ ನಡೆಯಬೇಕು. ಜೊತೆಗೆ ಡ್ರಮ್ಮಿನವನ ತಾಳಕ್ಕೆ ಹೆಜ್ಜೆ ಕೂಡಿಸಬೇಕು. ಹೀಗೆ ಒಂದು ಕಡೆ ಲಯ, ಮತ್ತೊಂದು ಕಡೆ ಸ್ವರ, ಎರಡನ್ನೂ ಹೊಂದಿಸುವ ಹೊಣೆ ಈ ವಾದಕನದು. ಗಿಟಾರಿನವನು ತಪ್ಪಿದರೆ ಅವನು ತಪ್ಪಿದನೆಂದು ಜನ ಅರಿಯುವರು. ಬೇಸಿನವನು ತಪ್ಪಿದರೆ ಉಳಿದವರೆಲ್ಲ ತಪ್ಪಿದಂತೆ ಕೇಳಿಸುವುದು. ಆದಕಾರಣ ಮೆಚ್ಚುಗೆಯನ್ನು ಮುಂದಿನವರಿಗೆ ಬಿಟ್ಟು, ಭಾರವನ್ನು ತಾನು ಹೊರುವ ಸ್ವಭಾವವುಳ್ಳ ಮಕ್ಕಳಿಗೆ ಈ ವಾದ್ಯ ಒಪ್ಪುವುದು. ಇದನ್ನು ಕೇಳಿದ ಮಗುವಿಗೆ “ಎಲ್ಲರ ಹಿಂದೆ ನಿಲ್ಲುವುದನ್ನು ಏಕೆ ಆರಿಸಿದೆ?” ಎಂದು ಹಿರಿಯರು ಹೀಯಾಳಿಸಕೂಡದು.

ವಾದ್ಯವನ್ನು ಆರಿಸುವ ಕ್ರಮ

ಮೊದಲನೆಯದಾಗಿ ತಂತಿಯ ಉದ್ದ. ಫೆಂಡರ್ ಸಂಪ್ರದಾಯದಲ್ಲಿ ತಂತಿಯ ನುಡಿಯುವ ಭಾಗವು ೩೪ ಅಂಗುಲ, ಎಂದರೆ ಸುಮಾರು ೮೬ ಸೆಂಟಿಮೀಟರು. ಕೈ ಚಿಕ್ಕದಾದವರಿಗೆ ಮೊದಲ ಮೆಟ್ಟುಗಳ ನಡುವಣ ಅಂತರವು ಶ್ರಮವಾಗುವುದು. ಅವರಿಗೆ ೩೦ ಅಂಗುಲದ ವಾದ್ಯವೂ ದೊರೆಯುತ್ತದೆ. ಅದನ್ನು ಮಕ್ಕಳ ಆಟಿಕೆಯೆಂದು ಉಪೇಕ್ಷಿಸಬಾರದು. ಬೀಟಲ್ಸ್ ಮೇಳದ ಪಾಲ್ ಮೆಕಾರ್ಟ್ನಿಯವರು ೧೯೬೧ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕೊಂಡ ಹೋಫ್ನರ್ ಬೇಸು ಈ ಅಳತೆಯದೇ. ಪಿಟೀಲಿನಾಕಾರದ ಆ ಟೊಳ್ಳೊಡಲಿನ ವಾದ್ಯವನ್ನು ಅವರು ಆರಿಸಿದುದಕ್ಕೆ ಎರಡು ಕಾರಣಗಳನ್ನು ಹೇಳುವರು: ಫೆಂಡರಿನ ಬೆಲೆ ಕೈಗೆಟುಕುತ್ತಿರಲಿಲ್ಲ, ಮತ್ತು ತಾವು ಎಡಗೈಯವರಾದುದರಿಂದ, ಎರಡು ಪಕ್ಕವೂ ಸಮನಾಗಿರುವ ಆ ಆಕಾರವು ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ. ಆ ವಾದ್ಯವು ೧೯೭೨ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಐವತ್ತು ವರ್ಷಗಳ ತರುವಾಯ ಪತ್ತೆಯಾಗಿ ಒಡೆಯರನ್ನು ಸೇರಿತು. ಸಂಗತಿಯು ೨೦೨೪ರಲ್ಲಿ ಪ್ರಕಟವಾಯಿತು. ತಮ್ಮ ಕೈಗೂ ಕೈಚೀಲಕ್ಕೂ ಸರಿಹೋದುದನ್ನು ಕೊಂಡವರು ಕೆಟ್ಟವರಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯದು ಭಾರ. ಸಾಮಾನ್ಯವಾಗಿ ವಾದ್ಯವು ಮೂರೂವರೆಯಿಂದ ನಾಲ್ಕೂವರೆ ಕಿಲೋಗ್ರಾಮು ತೂಗುವುದು. ಅಂಗಡಿಯಲ್ಲಿ ಕುಳಿತು ತೊಡೆಯ ಮೇಲಿಟ್ಟುಕೊಂಡರೆ ಇದು ತಿಳಿಯದು. ಪಟ್ಟಿಯನ್ನು ಹೆಗಲಿಗೆ ಹಾಕಿ ಕಾಲು ಗಂಟೆಯಾದರೂ ನಿಂತು ನೋಡಬೇಕು. ಕೈಬಿಟ್ಟರೆ ದಂಡಿಯು ನೆಲದ ಕಡೆಗೆ ವಾಲುವಂತಿದ್ದರೆ ಎಡಗೈ ನುಡಿಸುವ ಕೆಲಸವನ್ನು ಬಿಟ್ಟು ಹೊರುವ ಕೆಲಸವನ್ನು ಮಾಡಬೇಕಾಗುವುದು, ಅಂಥದು ಬೇಡ.

ಮೂರನೆಯದು ತಂತಿಗಳ ಸಂಖ್ಯೆ. ಐದು ತಂತಿಯ ವಾದ್ಯದಲ್ಲಿ ಇನ್ನೂ ಕೆಳಗಿನ ಬಿ ಸ್ವರವು, ಸೆಕೆಂಡಿಗೆ ಸುಮಾರು ೩೧ ಕಂಪನಗಳದು, ದೊರೆಯುವುದು. ಆದರೆ ಕಲಿಯುವವರಿಗೆ ನಾಲ್ಕೇ ಸಾಕು. ನುಡಿಸದ ತಂತಿಗಳನ್ನು ಸುಮ್ಮನಿರಿಸುವುದೇ ಈ ವಾದ್ಯದಲ್ಲಿ ಅರ್ಧ ವಿದ್ಯೆ. ತಂತಿ ಹೆಚ್ಚಿದಷ್ಟೂ ಆ ಕಷ್ಟವು ಹೆಚ್ಚು.

ನಾಲ್ಕನೆಯದು ಪಿಕಪ್. ಪ್ರಿಸಿಷನ್ ಬಗೆಯಲ್ಲಿ ೧೯೫೭ರಿಂದೀಚೆಗೆ ಇಬ್ಭಾಗವಾದ ಒಂದು ಪಿಕಪ್ ಇರುವುದು. ಅದರ ನಾದವು ತುಂಬಿದ್ದು, ಮೇಳದ ನಡುವೆ ಸುಲಭವಾಗಿ ನೆಲೆಗೊಳ್ಳುವುದು. ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯೂ ಅದರಲ್ಲಿ ಕಡಮೆ. ಜಾಝ್ ಬಗೆಯಲ್ಲಿ ಎರಡು ಪಿಕಪ್ಪುಗಳಿದ್ದು ನಾದವನ್ನು ಬಗೆಬಗೆಯಾಗಿ ಬೆರಸಬಹುದು. ಆದರೆ ಒಂದನ್ನೇ ನುಡಿಸಿದರೆ ಗುಂಯ್‌ಗುಟ್ಟುವುದುಂಟು, ಎರಡನ್ನೂ ಸಮನಾಗಿ ತೆರೆದರೆ ಅಡಗುವುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವೃತ್ತಿಯದು. ಇದು ಇ ತಂತಿಯ ಮೂರನೆಯ ಮೆಟ್ಟಿನ ಸ್ವರಕ್ಕೆ ತೀರ ಸಮೀಪವಾದುದರಿಂದ ಆ ಗುಂಯ್‌ಕಾರವು ಬೇಸಿಗೆ ಬಹಳ ಬಾಧಕ. ಕೆಲವು ವಾದ್ಯಗಳ ಒಡಲಿನಲ್ಲಿ ೯ ವೋಲ್ಟಿನ ಬ್ಯಾಟರಿಯೂ ಸಣ್ಣ ಆಂಪ್ಲಿಫೈಯರೂ ಇರುವುವು. ಇಂಥವನ್ನು ನುಡಿಸಿದ ಮೇಲೆ ತಂತಿಯ ಕೊಂಡಿಯನ್ನು ಕಿತ್ತಿಡಬೇಕು. ಕೊಂಡಿಯು ಒಳಗಿರುವಷ್ಟು ಹೊತ್ತೂ ಬ್ಯಾಟರಿ ಸವೆಯುತ್ತಿರುವುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಒಂದು ಮೇಳದಲ್ಲಿ ಬೇಸ್ ನುಡಿಸುವನು. ಒಮ್ಮೆ ಅವನ ತಂಗಿಗೆ ವಾದ್ಯವನ್ನು ಕೊಳ್ಳಲು ಹೋಗುವಾಗ ನಾನೂ ಜೊತೆಗಿದ್ದೆ. ಬಣ್ಣವನ್ನಾಗಲಿ ಹೆಸರನ್ನಾಗಲಿ ಅವನು ನೋಡಲಿಲ್ಲ. “ಮೇಷ್ಟ್ರೆ, ಇದನ್ನು ಪರೀಕ್ಷೆ ಮಾಡುವುದು ನೀವು ನಮ್ಮ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಹಾಗೆ; ಒಂದನ್ನೂ ಬಿಡಬಾರದು” ಎಂದು ನಗುತ್ತ ಕೆಲಸಕ್ಕೆ ಕೈಹಾಕಿದನು. ತಂತಿಯನ್ನು ಮೊದಲನೆಯ ಮೆಟ್ಟಿನಲ್ಲಿಯೂ ಕೊನೆಯದರಲ್ಲಿಯೂ ಒತ್ತಿಹಿಡಿದು, ನಡುವೆ ಏಳೆಂಟನೆಯ ಮೆಟ್ಟಿನ ಬಳಿ ದಪ್ಪ ಕಾಗದದಷ್ಟು ಸಂದು ಇದೆಯೇ ಎಂದು ನೋಡಿದನು. ಸಂದೇ ಇಲ್ಲದಿದ್ದರೆ ತಂತಿಯು ಮೆಟ್ಟಿಗೆ ತಗುಲಿ ಝರ್ರೆನ್ನುವುದು. ಅತಿಯಾಗಿದ್ದರೆ ದಂಡಿ ಬಾಗಿದೆಯೆಂದು ಅರ್ಥ. ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಇದನ್ನು ಸರಿಪಡಿಸಬಹುದಾದರೂ, ಆ ಸರಳು ತಿರುಗುವ ಸ್ಥಿತಿಯಲ್ಲಿದೆಯೇ ಎಂದು ಕೇಳಿ ತಿಳಿಯಬೇಕು. ಬಳಿಕ ಪ್ರತಿ ತಂತಿಯ ಪ್ರತಿ ಮೆಟ್ಟನ್ನೂ ಒಂದೊಂದಾಗಿ ನುಡಿಸಿದನು. ಆಮೇಲೆ ಹನ್ನೆರಡನೆಯ ಮೆಟ್ಟು. ವೀಣೆಯಲ್ಲಿರುವಂತೆಯೇ ಇದರಲ್ಲಿಯೂ ಹನ್ನೆರಡು ಮೆಟ್ಟಿಗೆ ಒಂದು ಸ್ಥಾಯಿ. ಆ ಮೆಟ್ಟಿನ ನೇರದಲ್ಲಿ ತಂತಿಯನ್ನು ಬೆರಳಿನಿಂದ ಸೋಕಿಸಿ ಮೀಟಿದರೆ ಬರುವ ಸ್ವಯಂಭೂ ಸ್ವರವೂ, ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಇಲ್ಲವಾದರೆ ಕುದುರೆಯನ್ನು ಹಿಂದು ಮುಂದು ಸರಿಸಬೇಕು. ಕಡೆಗೆ ಬಿರಡೆಗಳು ಸಡಿಲವೇ, ತಿರುಪುಗಳನ್ನು ತಿರುಗಿಸಿದಾಗ ಕರಕರ ಶಬ್ದವೇ ಎಂಬುದನ್ನು ನೋಡಿದನು. ಮೂರನೆಯ ವಾದ್ಯವು ಈ ಪರೀಕ್ಷೆಗಳಲ್ಲೆಲ್ಲ ತೇರ್ಗಡೆಯಾಯಿತು. ಅದು ಅಲ್ಲಿದ್ದವುಗಳಲ್ಲಿ ಬೆಲೆಯಲ್ಲಿ ಎರಡನೆಯದಾಗಿ ಕಡಮೆಯದು. ಹಳೆಯ ವಾದ್ಯವನ್ನು ಕೊಳ್ಳುವವರಿಗೂ ಇದೇ ಕ್ರಮವು ಸಲ್ಲುವುದು. ಆದರೆ ಇಲ್ಲಿ ಸ್ಥಾಲೀಪುಲಾಕನ್ಯಾಯವು ನಡೆಯದು. ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿದೆಯೆನ್ನಬಹುದು. ಒಂದು ಮೆಟ್ಟನ್ನು ನುಡಿಸಿ ದಂಡಿಯೆಲ್ಲ ನೆಟ್ಟಗಿದೆಯೆನ್ನಲಾಗದು.

ಮಲೆನಾಡಿನವರೂ ಕರಾವಳಿಯವರೂ ಮತ್ತೊಂದನ್ನು ನೆನಪಿಡಬೇಕು. ಮಳೆಗಾಲದ ತೇವಕ್ಕೆ ಮರವು ಉಬ್ಬಿ ದಂಡಿಯ ಬಾಗು ಬದಲಾಗುವುದು, ತಂತಿಗೆ ತುಕ್ಕು ಹಿಡಿಯುವುದು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯನ್ನೊರಸಿ, ಗೋಡೆಗೆ ತಾಗಿಸದೆ ಚೀಲದಲ್ಲಿಡಬೇಕು.

ಆಂಪ್ಲಿಫೈಯರಿನ ವಿಚಾರ

ಗಿಟಾರಿನವನಿಗೆ ೩೦ ವಾಟಿನ ಯಂತ್ರವು ಸಾಕಾಗುವಲ್ಲಿ ಬೇಸಿನವನಿಗೆ ೨೦೦-೩೦೦ ವಾಟು ಏಕೆ ಬೇಕೆಂದು ಹಣ ಕೊಡುವವರು ಕೇಳುವುದು ನ್ಯಾಯವೇ. ಉತ್ತರವು ನಮ್ಮ ಕಿವಿಯಲ್ಲಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬವರು ೧೯೩೩ರಲ್ಲಿ ತೋರಿಸಿಕೊಟ್ಟಂತೆ, ಮನುಷ್ಯನ ಕಿವಿ ಮಂದ್ರಸ್ವರಗಳಿಗೆ ಮಂದ. ನಡುಸ್ಥಾಯಿಯ ಸ್ವರದಷ್ಟೇ ಗಟ್ಟಿಯಾಗಿ ೪೧ ಕಂಪನದ ಸ್ವರವು ಕೇಳಿಸಬೇಕಾದರೆ ಎಷ್ಟೋ ಪಾಲು ಹೆಚ್ಚಿನ ಶಕ್ತಿಯನ್ನು ವೆಚ್ಚಮಾಡಬೇಕು. ಪ್ರಕೃತಿಯು ಇದಕ್ಕೆ ಒಂದು ಪರಿಹಾರವನ್ನೂ ಇಟ್ಟಿದೆ. ತಂತಿಯು ೪೧ ಕಂಪನದ ಮೂಲಸ್ವರದೊಡನೆ ೮೨, ೧೨೩ ಮುಂತಾದ ಅನುಸ್ವರಗಳನ್ನೂ ಹೊಮ್ಮಿಸುವುದು. ಸಣ್ಣ ಸ್ಪೀಕರು ಮೂಲಸ್ವರವನ್ನು ನುಡಿಯಲಾರದೆ ಹೋದರೂ, ಅನುಸ್ವರಗಳಿಂದ ಮೂಲವನ್ನು ನಮ್ಮ ಮನಸ್ಸೇ ಊಹಿಸಿಕೊಳ್ಳುವುದು. ಆದುದರಿಂದ ಮನೆಯ ಅಭ್ಯಾಸಕ್ಕೆ ಸಣ್ಣ ಯಂತ್ರದಿಂದ ಕೆಲಸ ಸಾಗುತ್ತದೆ.

ಸ್ಥೂಲವಾಗಿ ಹೀಗೆ ಹೇಳಬಹುದು. ಮನೆಯಲ್ಲಿ ಒಬ್ಬರೇ ಅಭ್ಯಾಸಮಾಡಲು ೧೦ರಿಂದ ೨೫ ವಾಟು. ಡ್ರಮ್ಮಿನೊಡನೆ ಅಭ್ಯಾಸಕ್ಕೆ ೧೦೦ರಿಂದ ೨೦೦. ಚಿಕ್ಕ ಸಭಾಂಗಣಕ್ಕೆ ೩೦೦ರ ಆಸುಪಾಸು. ದೊಡ್ಡ ಸಭೆಯಲ್ಲಿ ಜನರಿಗೆ ಕೇಳಿಸುವ ಹೊಣೆ ಸಭೆಯ ಧ್ವನಿವರ್ಧಕದವರದು. ಡಿ.ಐ. ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಬೇಸಿನ ವಿದ್ಯುತ್ತನ್ನು ಅವರ ಮಿಕ್ಸರಿಗೆ ಒಯ್ಯುವರು. ವಾದಕನ ಯಂತ್ರವು ಅವನಿಗೂ ಜೊತೆಗಾರರಿಗೂ ಕೇಳಿಸಿದರೆ ಸಾಕು. ಹಲವು ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ಈ ಸೌಕರ್ಯವು ಕೂಡಿಯೇ ಇರುವುದು. ಅದಿರುವುದನ್ನು ಕೊಂಡರೆ ಮುಂದೆ ದೊಡ್ಡ ಯಂತ್ರದ ಅಗತ್ಯವೇ ಬೀಳದಿರಬಹುದು. ಬೆಂಗಳೂರಿನ ಕಾಲೇಜು ಉತ್ಸವಗಳಲ್ಲಿಯೂ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿಯೂ ಈ ಪದ್ಧತಿಯೇ ರೂಢಿಯಲ್ಲಿದೆ.

ವಾಟುಗಳ ಲೆಕ್ಕದಲ್ಲಿ ಜನ ಮೋಸಹೋಗುವುದು ಹೆಚ್ಚು. ೧೦೦ ವಾಟಿಗಿಂತ ೨೦೦ ವಾಟು ಎರಡರಷ್ಟು ಗಟ್ಟಿಯೆಂದು ಭಾವಿಸುವರು, ಹಾಗಲ್ಲ. ಶಕ್ತಿಯು ಇಮ್ಮಡಿಯಾದರೆ ಧ್ವನಿಯು ೩ ಡೆಸಿಬೆಲ್ ಮಾತ್ರ ಏರುವುದು. ಕಿವಿಗೆ ಅದು ಸ್ವಲ್ಪವೇ. ಎರಡರಷ್ಟೆಂದು ತೋರಬೇಕಾದರೆ ಸುಮಾರು ಹತ್ತರಷ್ಟು ವಾಟು ಬೇಕು. ಆದರೆ ಸ್ಪೀಕರಿನ ವಿವರಪಟ್ಟಿಯಲ್ಲಿ, ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಒಂದು ಅಂಕವಿರುತ್ತದೆ. ಒಂದು ಪೆಟ್ಟಿಗೆಯದು ೯೭, ಇನ್ನೊಂದರದು ೧೦೦ ಆಗಿದ್ದರೆ, ಎರಡನೆಯದನ್ನು ಕೊಂಡವನು ಆಂಪ್ಲಿಫೈಯರಿನ ಶಕ್ತಿಯನ್ನು ಖರ್ಚಿಲ್ಲದೆ ಇಮ್ಮಡಿಮಾಡಿಕೊಂಡಂತೆ. ವಾಟನ್ನು ಎಲ್ಲರೂ ಕೇಳುವರು. ಈ ಅಂಕವನ್ನು ಕೇಳುವವರು ವಿರಳ.

ಆಂಪ್ಲಿಫೈಯರೂ ಸ್ಪೀಕರೂ ಬೇರೆ ಬೇರೆಯಾಗಿದ್ದರೆ ಓಮ್ ಎಂಬ ಮತ್ತೊಂದು ಲೆಕ್ಕವನ್ನು ಗಮನಿಸಬೇಕು. ೮ ಓಮಿನ ಎರಡು ಪೆಟ್ಟಿಗೆಗಳನ್ನು ಸಮಾನಾಂತರವಾಗಿ ಸೇರಿಸಿದರೆ ೧೬ ಆಗುವುದಿಲ್ಲ, ೪ ಆಗುವುದು. ಯಂತ್ರದ ಹಿಂಬದಿಯಲ್ಲಿ ಕನಿಷ್ಠ ೪ ಓಮ್ ಎಂದು ಬರೆದಿದ್ದರೆ ಅಷ್ಟಕ್ಕೆ ನಿಲ್ಲಿಸಬೇಕು. ಮೂರನೆಯದನ್ನು ಸೇರಿಸಿದರೆ ಯಂತ್ರವು ಕಾದು ಕೆಡುವುದು. ವಾಲ್ವುಗಳುಳ್ಳ ಹಳೆಯ ಮಾದರಿಯ ಯಂತ್ರವನ್ನು ಸ್ಪೀಕರು ಜೋಡಿಸದೆ ಎಂದಿಗೂ ನಡೆಸಕೂಡದು. ಆಂಪ್ಲಿಫೈಯರಿನಿಂದ ಪೆಟ್ಟಿಗೆಗೆ ಹೋಗುವ ತಂತಿಯು ದಪ್ಪನಾದ ಸ್ಪೀಕರು ತಂತಿಯೇ ಆಗಿರಬೇಕು. ನೋಡಲು ಒಂದೇ ತೆರನಾಗಿದ್ದರೂ ವಾದ್ಯದ ಸಪೂರ ತಂತಿಯನ್ನು ಅಲ್ಲಿ ಬಳಸಲಾಗದು.

ಭಾರದ ವಿಷಯದಲ್ಲಿ ಈಗಿನವರು ಭಾಗ್ಯವಂತರು. ಆಂಪೆಗ್ ಸಂಸ್ಥೆಯವರು ೧೯೬೯ರಲ್ಲಿ ತಂದ ಎಸ್.ವಿ.ಟಿ. ಎಂಬ ೩೦೦ ವಾಟಿನ ಪ್ರಸಿದ್ಧ ಯಂತ್ರವು, ಪೆಟ್ಟಿಗೆಗಳನ್ನು ಬಿಟ್ಟು, ತಾನೊಂದೇ ೪೦ ಕಿಲೋಗ್ರಾಮಿನಷ್ಟಿತ್ತು. ಈಗ ಡಿ-ವರ್ಗವೆಂಬ ಹೊಸ ಬಗೆಯಲ್ಲಿ ಅಷ್ಟೇ ಅಥವಾ ಅದಕ್ಕೂ ಹೆಚ್ಚು ಶಕ್ತಿಯು ಎರಡು ಮೂರು ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ. ವಿದೇಶದಲ್ಲಿರುವ ಬಂಧುಗಳಿಂದ ತರಿಸುವವರಿಗೆ ಒಂದು ಎಚ್ಚರಿಕೆ: ಅಮೆರಿಕದ ವಿದ್ಯುತ್ತು ೧೨೦ ವೋಲ್ಟಿನದು, ನಮ್ಮದು ೨೩೦ರದು. ಯಂತ್ರವು ಎರಡಕ್ಕೂ ಒಗ್ಗುವುದೆಂದು ಹಿಂಬದಿಯಲ್ಲಿ ಬರೆದಿದ್ದರೆ ಸರಿ. ಇಲ್ಲದಿದ್ದರೆ ನಡುವೆ ತಕ್ಕ ಟ್ರಾನ್ಸ್‌ಫಾರ್ಮರು ಬೇಕು.

ಪ್ರಾಣ ಮತ್ತು ಶ್ರವಣ

ಇಲ್ಲಿಯವರೆಗೆ ಹೇಳಿದುದು ಹಣದ ಮಾತು. ಮುಂದಿನದು ಅದಕ್ಕಿಂತ ದೊಡ್ಡದು. ೧೯೭೨ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ತರುಣ ಗಿಟಾರು ವಾದಕರು ಸಭೆಯ ಮುಂದೆಯೇ, ಭೂಸಂಪರ್ಕವು ಸರಿಯಿಲ್ಲದ ಮೈಕ್ರೊಫೋನನ್ನು ಮುಟ್ಟಿ ವಿದ್ಯುದಾಘಾತದಿಂದ ಮೃತರಾದರು. ಯಾರ್ಡ್‌ಬರ್ಡ್ಸ್ ಮೇಳದ ಗಾಯಕರಾಗಿದ್ದ ಕೀತ್ ರೆಲ್ಫ್ ೧೯೭೬ರಲ್ಲಿ ತಮ್ಮ ಮನೆಯಲ್ಲಿಯೇ ಗಿಟಾರು ನುಡಿಸುತ್ತ ಇಂಥದೇ ಮರಣವನ್ನು ಹೊಂದಿದರು. ಕಾರಣವು ಸರಳ. ವಾದ್ಯದ ತಂತಿಗಳು ಕುದುರೆಯ ಮೂಲಕ ಆಂಪ್ಲಿಫೈಯರಿನ ಭೂಸಂಪರ್ಕಕ್ಕೆ, ಎಂದರೆ ಅರ್ತಿಂಗಿಗೆ, ಸೇರಿರುತ್ತವೆ. ಅರ್ತಿಂಗು ಇಲ್ಲದೆ ಒಳಗೆ ಎಲ್ಲಿಯಾದರೂ ದೋಷವಿದ್ದರೆ ಆ ತಂತಿಗಳಿಗೆ ವಿದ್ಯುತ್ತು ಬರುವುದು. ಒಂದು ಕೈ ತಂತಿಯ ಮೇಲಿರುವಾಗ ಮತ್ತೊಂದು ಕೈಯೋ ತುಟಿಯೋ ಮೈಕನ್ನು ಸೋಕಿದರೆ ಅದು ದೇಹದ ಮೂಲಕ ಹರಿದುಹೋಗುವುದು.

ಆದುದರಿಂದ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಯಾವ ಕಾರಣಕ್ಕೂ ಮುರಿಯಕೂಡದು, ಅದನ್ನು ತಪ್ಪಿಸಿ ಎರಡು ತೂತಿನ ಕಡೆಗೆ ಸೇರಿಸಲೂಕೂಡದು. ಗುಂಯ್‌ಕಾರ ನಿಲ್ಲುವುದೆಂದು ಅರ್ತಿಂಗನ್ನು ಕಿತ್ತುಹಾಕುವವರುಂಟು. ಅದು ತಲೆನೋವಿಗೆ ತಲೆಯನ್ನೇ ಕತ್ತರಿಸಿದಂತೆ. ಪೆಂಡಾಲಿನಲ್ಲಿ ಬೇಸಿನ ಯಂತ್ರಕ್ಕೂ ಮೈಕಿನ ಯಂತ್ರಕ್ಕೂ ಒಂದೇ ಕಡೆಯಿಂದ ವಿದ್ಯುತ್ತನ್ನು ಪಡೆಯುವುದು ಲೇಸು. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಮನೆಯಲ್ಲಿ ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಹಾಕಿಸಬೇಕು. ಹೊಸ ಆಂಪ್ಲಿಫೈಯರು ಮನೆಗೆ ಬರುವ ಮೊದಲು ಗೋಡೆಯ ಅರ್ತಿಂಗನ್ನು ಪರೀಕ್ಷೆಮಾಡಿಸುವ ಖರ್ಚು ವಾದ್ಯದ ಪೆಟ್ಟಿಗೆಯ ಖರ್ಚಿಗಿಂತ ಕಡಮೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವುದು ಸರ್ವಥಾ ನಿಷಿದ್ಧ.

ಕಿವಿಯ ಅಪಾಯವು ಹೀಗೆ ತಟ್ಟನೆ ಬರುವುದಲ್ಲ, ಸದ್ದಿಲ್ಲದೆ ಬರುವುದು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಸೂಚನೆಯಂತೆ ೮೫ ಡೆಸಿಬೆಲ್ ಶಬ್ದವನ್ನು ದಿನಕ್ಕೆ ೮ ಗಂಟೆ ಸಹಿಸಬಹುದು. ಪ್ರತಿ ೩ ಡೆಸಿಬೆಲ್ಲಿಗೆ ಕಾಲವು ಅರ್ಧವಾಗುತ್ತ ಹೋಗಿ, ೧೦೦ ಡೆಸಿಬೆಲ್ಲಿಗೆ ೧೫ ನಿಮಿಷ ಮಾತ್ರ. ಡ್ರಮ್ಮು ಇರುವ ಇಕ್ಕಟ್ಟಾದ ಕೋಣೆಯಲ್ಲಿ ಈ ಮಿತಿಯು ಬಲುಬೇಗ ಮೀರುವುದು. ಒಮ್ಮೆ ನಷ್ಟವಾದ ಶ್ರವಣಶಕ್ತಿ ಮರಳಿ ಬಾರದು. ಆದಕಾರಣ ವಾದ್ಯದೊಡನೆಯೇ ಕಿವಿಗಿಡುವ ಬೆಣೆಗಳನ್ನೂ ಕೊಳ್ಳಬೇಕು. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಕುರ್ಚಿಯ ಎತ್ತರಕ್ಕೆ ಏರಿಸಿದರೆ ವಾದಕನಿಗೆ ತನ್ನ ಸ್ವರವು ಕಡಮೆ ಶಬ್ದದಲ್ಲಿಯೇ ಸ್ಪಷ್ಟವಾಗುವುದು. ಕೋಣೆಯ ಮೂಲೆಯಲ್ಲಿಟ್ಟರೆ ಮಂದ್ರವು ಉಬ್ಬಿ ಗೊಂದಲವಾಗುವುದು. ಮಂದ್ರಸ್ವರವು ಗೋಡೆಯನ್ನು ದಾಟುವುದರಲ್ಲಿಯೂ ನಿಪುಣ. ನೆರೆಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳೋ ನಿದ್ರೆ ಬಾರದ ವೃದ್ಧರೋ ಇರಬಹುದು. ರಾತ್ರಿಯ ಅಭ್ಯಾಸಕ್ಕೆ ಹೆಡ್‌ಫೋನು ಸೇರಿಸಬಹುದಾದ ಯಂತ್ರವನ್ನೇ ಆರಿಸುವುದು ಒಳ್ಳೆಯದು.

ಹಣದ ವಿನಿಯೋಗ

ಕಡೆಯದಾಗಿ, ಹಾಸಿಗೆಯಿದ್ದಷ್ಟು ಕಾಲು ಚಾಚುವ ವಿಚಾರ. ಮೊದಲ ವರ್ಷಕ್ಕೆ ನಾಲ್ಕು ತಂತಿಯ, ಬ್ಯಾಟರಿಯಿಲ್ಲದ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಗೆದ್ದ ವಾದ್ಯವೊಂದು. ಹೆಡ್‌ಫೋನಿನ ಸೌಕರ್ಯವುಳ್ಳ ಸಣ್ಣ ಆಂಪ್ಲಿಫೈಯರೊಂದು. ಒಳ್ಳೆಯ ತಂತಿ, ಅಗಲವಾದ ಹೆಗಲಪಟ್ಟಿ, ಶ್ರುತಿ ನೋಡುವ ಸಾಧನ, ಕಿವಿಯ ಬೆಣೆ. ಇಷ್ಟು ಸಾಕು. ಇರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿದು, ಕೈಗೆ ಸಿಕ್ಕಿದ ಹಳೆಯ ಪೆಟ್ಟಿಗೆಯಿಂದ ಅದನ್ನು ನುಡಿಸುವುದು ಆನೆಯನ್ನು ಕೊಂಡು ಅಂಕುಶಕ್ಕೆ ಜಿಪುಣತನ ಮಾಡಿದಂತೆ. ದೊಡ್ಡ ಆಂಪ್ಲಿಫೈಯರನ್ನು ಮೇಳವು ನೆಲೆನಿಂತು ಸಭೆಗಳು ಒದಗಿದ ಮೇಲೆ, ಸಾಧ್ಯವಾದರೆ ಮೇಳದವರೆಲ್ಲರ ಪಾಲಿನ ಹಣದಿಂದ, ಕೊಳ್ಳಬಹುದು; ಅದುವರೆಗೆ ಬಾಡಿಗೆಗೆ ದೊರೆಯುತ್ತದೆ.

ಯಾರ ವಾದ್ಯ ದೊಡ್ಡದೆಂದು ಹೋಲಿಸಿ ಕೊರಗುವ ಮಕ್ಕಳಿಗೆ ಹಿರಿಯರು ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್ ಅವರ ಹೆಸರನ್ನು ಹೇಳಬಹುದು. ಮೋಟೌನ್ ಸಂಸ್ಥೆಯ ಅಸಂಖ್ಯ ಪ್ರಸಿದ್ಧ ಗೀತೆಗಳಿಗೆ ಇವರು ಬೇಸ್ ನುಡಿಸಿದುದು ಬಹುಪಾಲು ೧೯೬೨ರ ಒಂದೇ ಪ್ರಿಸಿಷನ್ ವಾದ್ಯದಲ್ಲಿ. ತುಂಡಾಗದ ಹೊರತು ತಂತಿಯನ್ನೂ ಬದಲಿಸುತ್ತಿರಲಿಲ್ಲವೆಂದು ಹೇಳುವರು. ಆ ಕಾಲದ ಗೀತೆಗಳ ಮೇಲೆ ವಾದಕರ ಹೆಸರನ್ನು ಮುದ್ರಿಸುವ ವಾಡಿಕೆಯಿರಲಿಲ್ಲವಾಗಿ, ಕೇಳಿ ತಲೆದೂಗಿದವರಲ್ಲಿ ಬಹುಮಂದಿಗೆ ಅವರು ಯಾರೆಂಬುದೇ ತಿಳಿಯದು. ಅವರ ಕೈಯಲ್ಲಿದ್ದುದು ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದಾಗಿದ್ದ ಸಾಧಾರಣ ವಾದ್ಯವೇ. ಮನೆಗೆ ವಾದ್ಯವು ಬಂದ ದಿನ ಮಗುವು ಅದನ್ನು ಶ್ರುತಿಮಾಡುವಾಗ ಹಿರಿಯರು ಹತ್ತಿರ ಕುಳಿತು ಆ ದಪ್ಪ ತಂತಿಯ ನಾದವನ್ನೊಮ್ಮೆ ಕೇಳಲಿ. ಆಮೇಲೆ ರೇಡಿಯೋದಲ್ಲಿ ಯಾವ ಸಿನಿಮಾ ಹಾಡು ಬಂದರೂ, ಅದುವರೆಗೆ ಕೇಳಿಸದಿದ್ದ ಒಂದು ಸ್ವರವು ಅವರಿಗೆ ತಾನಾಗಿಯೇ ಕೇಳಿಸತೊಡಗುವುದು.